ಸಾಂಕ್ರಾಮಿಕ ರೋಗ ಹರಡಿರುವಾಗ ಕಾಲೇಜು ಕ್ರೀಡಾಕೂಟ ನಡೆಸಬಹುದೇ?

ಕೊರೊನಾದಂತೆ ಉಸಿರಿನಿಂದ ಹರಡುವ ರೋಗವಾದರೆ ಅಂತರ್ ಕಾಲೇಜು ಕೂಟ ಬೇಡ. ಅಭ್ಯಾಸ ಮಾತ್ರ ನಿಲ್ಲಿಸಬೇಡಿ.

ಎಲ್ಲ ಆಟದ ಅಪಾಯವೂ ಒಂದೇ ಅಲ್ಲ. ಕಾರವಾರದ ಮಾಲಾದೇವಿ ಮೈದಾನದಲ್ಲಿ ಒಬ್ಬೊಬ್ಬರೇ ಓಡಿದರೆ, ಗುಂಡು ಎಸೆದರೆ ಭಯವಿಲ್ಲ. ವಾಲಿಬಾಲ್ ಕೂಡ ಬಯಲಲ್ಲಾದರೆ ಪರವಾಗಿಲ್ಲ, ನಡುವೆ ನೆಟ್ ಇರುತ್ತದೆ. ಕಬಡ್ಡಿ ಹಾಗಲ್ಲ. ರೈಡರ್ ‘ಕಬಡ್ಡಿ ಕಬಡ್ಡಿ’ ಎಂದು ಜೋರಾಗಿ ಹೇಳುತ್ತಲೇ ಉಸಿರು ಬಿಡುತ್ತಾನೆ, ನಾಲ್ಕೈದು ಜನ ಅವನ ಮೇಲೆ ಬೀಳುತ್ತಾರೆ, ಮುಖಕ್ಕೂ ಮುಖಕ್ಕೂ ಗೇಣು ಅಂತರವಿರುವುದಿಲ್ಲ. ಮ್ಯಾಟ್‌ಗೆ ಸ್ಯಾನಿಟೈಸರ್ ಹೊಡೆದು ಇದನ್ನು ತಪ್ಪಿಸಲಾಗದು; ಸೋಂಕು ಹರಡುವುದು ಮುಖ್ಯವಾಗಿ ಗಾಳಿಯಲ್ಲಿ.

ಮೈದಾನಕ್ಕಿಂತ ದೊಡ್ಡ ಅಪಾಯ ಪ್ರಯಾಣದ್ದು. ಕಾರವಾರದ ತಂಡ ಧಾರವಾಡಕ್ಕೆ ಹೊರಟರೆ ಗಂಟೆಗಟ್ಟಲೆ ಟೆಂಪೊದಲ್ಲಿ ಒತ್ತಾಗಿ ಕೂರಬೇಕು, ಮಳೆಗಾಲದಲ್ಲಿ ಘಟ್ಟ ಹತ್ತುವಾಗ ಕಿಟಕಿ ಗಾಜು ಮುಚ್ಚಿಯೇ ಇರುತ್ತದೆ. ಆಮೇಲೆ ಒಂದೇ ಕೋಣೆಯಲ್ಲಿ ಊಟ, ನಿದ್ದೆ.

ಅಭ್ಯಾಸಕ್ಕೆ 5–6 ಜನರ ಗುಂಪು ಸಾಕು, ಗುಂಪು ಬದಲಿಸಬೇಡಿ. ನೀರಿನ ಬಾಟಲಿ ಅವರವರದೇ ಇರಲಿ. ಜ್ವರ, ಗಂಟಲುನೋವು ಇದ್ದವರನ್ನು ಗೇಟಿನಿಂದಲೇ ಮನೆಗೆ ಕಳಿಸಿ, ಆದರೆ ಹಾಜರಾತಿ ಕೊಡಿ. ಇಲ್ಲದಿದ್ದರೆ ಮಕ್ಕಳು ಪ್ಯಾರಾಸಿಟಮಾಲ್ ನುಂಗಿ ಜ್ವರ ಮುಚ್ಚಿಟ್ಟು ಬರುತ್ತಾರೆ.

ಸೋಂಕಿನಿಂದ ಎದ್ದವರ ವಿಷಯದಲ್ಲಂತೂ ಅವಸರ ಬೇಡವೇ ಬೇಡ. ಹೃದಯದ ಸ್ನಾಯುವಿಗೆ ಉರಿಯೂತ ಬರಬಹುದು. ಅಪರೂಪ, ಆದರೆ ಬಂದಾಗ ಜೋರಾಗಿ ಓಡಿದರೆ ಪ್ರಾಣಕ್ಕೇ ಕುತ್ತು. ಲಕ್ಷಣ ಪೂರ್ತಿ ಹೋಗಿ ಒಂದು ವಾರ ಕಳೆದ ಮೇಲೆ 15 ನಿಮಿಷದ ನಡಿಗೆಯಿಂದ ಶುರು ಮಾಡಿಸಿ, ಕೆಲವು ದಿನ ಬಿಟ್ಟು ನಿಧಾನ ಓಟ, ಪಂದ್ಯ ಕೊನೆಗೆ. ನಡುವೆ ಎದೆನೋವು, ತಲೆಸುತ್ತು, ಎದೆ ಡವಗುಟ್ಟುವುದು ಕಂಡರೆ ಅಲ್ಲಿಗೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ ಇಸಿಜಿ ಮಾಡಿಸಿ.