ಮಾಹಿಕೊ ಗೊನ್ಸಾಲೆಸ್ ಯಾಕೆ ದೊಡ್ಡ ಕ್ಲಬ್ಬಿಗೆ ಹೋಗಲಿಲ್ಲ?

ನೀವು ಕೇಳಿದ್ದು ಇದು: "ಎಲ್ ಸಾಲ್ವಡಾರ್‌ನ ಫುಟ್‌ಬಾಲ್ ಆಟಗಾರ ಮಾಹಿಕೊ ಗೊನ್ಸಾಲೆಸ್ ಆಟವನ್ನು ಮರಡೋನಾನೇ ಬಾಯ್ತುಂಬ ಹೊಗಳಿದ್ದನಂತೆ. ಅಷ್ಟು ದೊಡ್ಡ ಆಟಗಾರ ಆಗಿದ್ದರೆ ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್ ಥರದ ಕ್ಲಬ್ಬಲ್ಲಿ ಯಾಕೆ ಆಡಲಿಲ್ಲ? ಪಾರ್ಟಿ ಮಾಡಿಕೊಂಡು ಹಾಳಾದನಾ?"

ಹಾಳಾಗಲಿಲ್ಲ ಅಂತಲೇ ನನ್ನ ಉತ್ತರ. ಪಾರ್ಟಿ ಮಾಡಿದ್ದು ನಿಜ, ಬೆಳಗ್ಗೆ ಏಳುತ್ತಿರಲಿಲ್ಲ ಅನ್ನುವುದೂ ನಿಜ. ಆದರೆ ಅದಷ್ಟೇ ಕಾರಣ ಅಂದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ನಾನೂ ಮೊದಲು ನಿಮ್ಮ ಹಾಗೇ ಅಂದುಕೊಂಡಿದ್ದೆ. ಫೋನಿಗೆ ಯಾರೋ ಕಳಿಸಿದ ಎರಡು ನಿಮಿಷದ ವಿಡಿಯೋ ನೋಡಿ, "ಅಯ್ಯೋ, ಎಂಥ ಪ್ರತಿಭೆ, ಸುಮ್ನೆ ವೇಸ್ಟ್ ಆಯಿತಲ್ಲ" ಅಂತ ಲೊಚಗುಟ್ಟಿದ್ದೆ. ಆಮೇಲೆ ಹುಡುಕಿ ಓದುತ್ತಾ ಹೋದ ಹಾಗೆ ಅಭಿಪ್ರಾಯ ಬದಲಾಯಿತು.

ಹೆಸರಿನಿಂದ ಶುರು ಮಾಡೋಣ. ಪೂರ್ತಿ ಹೆಸರು ಹೋರ್ಹೆ ಆಲ್ಬೆರ್ತೊ ಗೊನ್ಸಾಲೆಸ್ ಬಾರಿಯಾಸ್. ಹುಟ್ಟಿದ್ದು 1958ರ ಮಾರ್ಚ್ 13ರಂದು, ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ರಾಜಧಾನಿ ಸಾನ್ ಸಾಲ್ವಡಾರ್‌ನಲ್ಲಿ. ತನ್ನ ದೇಶದಲ್ಲಿ ಅವನನ್ನು "ಮಾಗೊ" ಅನ್ನುತ್ತಿದ್ದರು, ಅಂದರೆ ಮಾಂತ್ರಿಕ. ಸ್ಪೇನ್‌ಗೆ ಹೋದ ಮೇಲೆ ಅದು "ಮಾಹಿಕೊ" ಆಯಿತು. ಸಾಂತಾ ಆನಾ ಅನ್ನುವ ಊರಿನ ಎಫ್‌ಎಎಸ್ ಕ್ಲಬ್ಬಿಗೆ 1977ರಲ್ಲಿ ಸೇರಿದ. 1979ರಲ್ಲಿ ಆ ಕ್ಲಬ್ಬು ಉತ್ತರ ಮತ್ತು ಮಧ್ಯ ಅಮೆರಿಕದ ಕ್ಲಬ್ ಚಾಂಪಿಯನ್ ಆಯಿತು. ಹಾಗಾಗಿ ಸ್ಪೇನ್‌ನವರು ಎಲ್ಲೋ ಗಲ್ಲಿಯಲ್ಲಿ ಆಡುತ್ತಿದ್ದ ಹುಡುಗನನ್ನು ಎತ್ತಿಕೊಂಡು ಹೋದರು ಅನ್ನುವುದೆಲ್ಲ ಬುರುಡೆ. ಆ ಹೊತ್ತಿಗೆ ತನ್ನ ಸೀಮೆಯಲ್ಲಿ ಅವನು ದೊಡ್ಡ ಹೆಸರು.

ಈಗ ಆ ದೇಶದ ಸ್ಥಿತಿ ನೋಡಿ. 1980ರ ಮಾರ್ಚ್‌ನಲ್ಲಿ ಆರ್ಚ್‌ಬಿಷಪ್ ಓಸ್ಕರ್ ರೊಮೇರೊ ಅವರನ್ನು ಪೂಜೆ ಮಾಡುತ್ತಿರುವಾಗಲೇ ಗುಂಡಿಟ್ಟು ಕೊಂದರು. ಅಲ್ಲಿಂದ 12 ವರ್ಷ ಅಂತರ್ಯುದ್ಧ. ಸತ್ತವರು ಸುಮಾರು 75,000 ಜನ. ಇದರ ನಡುವೆ ಒಂದು ತಂಡ ಫುಟ್‌ಬಾಲ್ ಪ್ರಾಕ್ಟೀಸ್ ಮಾಡಿ ವಿಶ್ವಕಪ್ಪಿಗೆ ಹೋಯಿತು ಅಂದರೆ ನಂಬುವುದೇ ಕಷ್ಟ. ಅದೂ ಹೇಗೆ ಹೋಯಿತು ಗೊತ್ತಾ? 1981ರ ಕೊನೆಯಲ್ಲಿ ಅರ್ಹತಾ ಪಂದ್ಯಗಳು ನಡೆದದ್ದು ಹೊಂಡುರಾಸ್‌ನ ರಾಜಧಾನಿ ತೆಗುಸಿಗಲ್ಪಾದಲ್ಲಿ. ಇದೇ ಹೊಂಡುರಾಸ್ ಜೊತೆ 1969ರಲ್ಲಿ ಎಲ್ ಸಾಲ್ವಡಾರ್ ಯುದ್ಧ ಮಾಡಿತ್ತು. "ಫುಟ್‌ಬಾಲ್ ಯುದ್ಧ" ಅಂತಲೇ ಅದಕ್ಕೆ ಹೆಸರು. ಜಗಳ ನಿಜವಾಗಿ ಇದ್ದದ್ದು ಜಮೀನು ಮತ್ತು ವಲಸೆ ವಿಷಯಕ್ಕೆ, ಫುಟ್‌ಬಾಲ್ ಪಂದ್ಯಗಳು ಕಿಡಿ ಹಚ್ಚಿದವು ಅಷ್ಟೇ.

ಅಲ್ಲಿ ಎಲ್ ಸಾಲ್ವಡಾರ್ ಮೆಕ್ಸಿಕೋವನ್ನು 1-0ಯಿಂದ ಸೋಲಿಸಿತು. ಗೊನ್ಸಾಲೆಸ್ ಚೆಂಡು ಹಿಡಿದು ನುಗ್ಗಿದ ದಾಳಿಯ ಕೊನೆಗೆ ಗೋಲು ಹೊಡೆದವನು ಎವರ್ ಹೆರ್ನಾಂಡೆಸ್. ಆದರೂ ಸಾಲಲಿಲ್ಲ. ಕೊನೆಯ ಪಂದ್ಯದಲ್ಲಿ ಹೊಂಡುರಾಸ್ ಮೇಲೆ ಮೆಕ್ಸಿಕೋ ಗೆದ್ದಿದ್ದರೆ ಎಲ್ ಸಾಲ್ವಡಾರ್ ಮನೆಗೆ ಹೋಗಬೇಕಿತ್ತು. ಹೊಂಡುರಾಸ್ ಆಗಲೇ ವಿಶ್ವಕಪ್ ಟಿಕೆಟ್ ಗೆದ್ದು ಕೂತಿತ್ತು, ಸುಮ್ನೆ ಆಡಿ ಸೋತರೂ ಅವರಿಗೆ ನಷ್ಟ ಇರಲಿಲ್ಲ. ಆದರೂ ಬಿಡದೆ ಆಡಿ ಡ್ರಾ ಮಾಡಿಕೊಂಡರು. 12 ವರ್ಷದ ಹಿಂದೆ ಬಾಂಬು ಹಾಕಿದ ನೆರೆಯವನಿಗೆ ವಿಶ್ವಕಪ್ ಟಿಕೆಟ್ ಕೊಡಿಸಿದರು ಅಂತಾಯಿತು. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ತಿರುವು ಇದು.

ಆಮೇಲೆ ಬಂತು 1982ರ ಸ್ಪೇನ್ ವಿಶ್ವಕಪ್. 22 ಜನರನ್ನು ಕರೆದುಕೊಂಡು ಹೋಗಬಹುದಿತ್ತು, ಇವರು ಹೋದದ್ದು 20 ಜನ. ಪ್ರಯಾಣವೂ ಅವ್ಯವಸ್ಥೆ, ಊರು ಮುಟ್ಟಿದ್ದೂ ತಡವಾಗಿ. ಜೂನ್ 15ರಂದು ಎಲ್ಚೆ ಊರಲ್ಲಿ ಹಂಗೇರಿ ಎದುರು ಮೊದಲ ಪಂದ್ಯ. ಫಲಿತಾಂಶ 10-1. ಹಂಗೇರಿಯ ಲಾಸ್ಲೊ ಕಿಶ್ ಬದಲಿ ಆಟಗಾರನಾಗಿ ಬಂದು ಏಳೆಂಟು ನಿಮಿಷದಲ್ಲಿ ಮೂರು ಗೋಲು ಹೊಡೆದುಬಿಟ್ಟ. ಎಲ್ ಸಾಲ್ವಡಾರ್‌ನ ಆ ಒಂದು ಗೋಲು ಹೊಡೆದದ್ದು ರಮಿರೆಸ್ ಸಪಾತಾ. ಅವನು ಖುಷಿಯಲ್ಲಿ ಕುಣಿಯುತ್ತಾ ಓಡಿದಾಗ ತಂಡದವರೇ "ಸುಮ್ಮನಿರೋ ಮಾರಾಯ, ಅವರಿಗೆ ಸಿಟ್ಟು ಬಂದೀತು" ಅಂದರಂತೆ. ಅವರು ಹೆದರಿದ್ದು ಸರಿಯಾಗಿಯೇ ಇತ್ತು ಅಲ್ವಾ.

ಜನ ಈ ಸ್ಕೋರ್ ಒಂದನ್ನೇ ನೆನಪಿಟ್ಟುಕೊಂಡಿದ್ದಾರೆ. ಮುಂದಿನ ಎರಡು ಪಂದ್ಯ ಯಾರೂ ಹೇಳುವುದಿಲ್ಲ. ಬೆಲ್ಜಿಯಂ ಎದುರು ಸೋತದ್ದು 0-1, ಆಗಿನ ವಿಶ್ವ ಚಾಂಪಿಯನ್ ಅರ್ಜೆಂಟೀನಾ ಎದುರು 0-2. ಆ ಅರ್ಜೆಂಟೀನಾ ತಂಡದಲ್ಲಿ 21 ವರ್ಷದ ಮರಡೋನಾ ಇದ್ದ. ಹತ್ತು ಗೋಲು ತಿಂದ ತಂಡ ಎಂಟು ದಿನದಲ್ಲಿ ಈ ಮಟ್ಟಕ್ಕೆ ಬಂದು ನಿಂತಿತು ಅಂದರೆ ಸಣ್ಣ ಮಾತಲ್ಲ. ಮೂರೂ ಪಂದ್ಯದಲ್ಲಿ ಮುಂದೆ ನಿಂತು ಎರಡು ಮೂರು ಡಿಫೆಂಡರ್‌ಗಳನ್ನು ಮೈಮೇಲೆ ಹಾಕಿಕೊಂಡು ಆಡಿದವನು ಗೊನ್ಸಾಲೆಸ್. ಒಂದೂ ಗೋಲು ಹೊಡೆಯಲಿಲ್ಲ, ಆದರೂ ಸ್ಪೇನ್‌ನ ಕ್ಲಬ್ಬುಗಳ ಕಣ್ಣಿಗೆ ಬಿದ್ದ.

ಕರೆದುಕೊಂಡದ್ದು ಕಾಡಿಸ್. ಕನ್ನಡದಲ್ಲಿ ಬರೆದರೆ ಊರಿನ ಹೆಸರೇ ಅವನ ಕೆಲಸ ಹೇಳಿದ ಹಾಗಿದೆ: ಎದುರಾಳಿಗಳನ್ನು ಕಾಡಿಸು! ಸ್ಪೇನ್‌ನ ದಕ್ಷಿಣ ತುದಿಯಲ್ಲಿ, ಸಮುದ್ರದೊಳಕ್ಕೆ ಚಾಚಿಕೊಂಡಿರುವ ಹಳೇ ಬಂದರು ಪಟ್ಟಣ. ಕಾರ್ನಿವಲ್ಲು, ಹಾಡು, ತಮಾಷೆ ಜಾಸ್ತಿ, ದುಡ್ಡು ಕಮ್ಮಿ. ಹಡಗು ಕಟ್ಟುವ ಕೆಲಸ ನಂಬಿಕೊಂಡ ಊರು, ಆ ಹೊತ್ತಿಗೆ ಅದಕ್ಕೂ ಕಷ್ಟಕಾಲ. ಕ್ಲಬ್ಬು ಆಗ ಎರಡನೇ ಡಿವಿಷನ್‌ನಲ್ಲಿತ್ತು, ಅಂದರೆ ಸ್ಪೇನ್ ಲೀಗಿನ ಕೆಳಗಿನ ಹಂತದಲ್ಲಿ. ಅವನು ಬಂದ ಮೊದಲ ವರ್ಷವೇ, 1982-83ರಲ್ಲಿ, ಮೊದಲ ಡಿವಿಷನ್‌ಗೆ ಏರಿತು. ಊರಿನವರಿಗೆ ಇವನು ಮನೆಮಗನಾದ.

ಆಟ ಹೇಗಿತ್ತು ಅಂತ ಹೇಳದಿದ್ದರೆ ಇದೆಲ್ಲ ಬರೀ ದಿನಾಂಕ. ತೆಳ್ಳಗಿನ ಮೈ, ಉದ್ದ ಗುಂಗುರು ಕೂದಲು, ಮೊಣಕಾಲ ಕೆಳಗೆ ಜಾರಿದ ಸಾಕ್ಸ್. ಓಡುವಾಗ ಚೆಂಡು ಕಾಲಿಗೆ ಅಂಟಿದ ಹಾಗೆ. ಅವನ ಒಂದು ವರಸೆಗೆ ಅವನ ದೇಶದವರು ಇಟ್ಟ ಹೆಸರು "ಕುಲೆಬ್ರಿತಾ ಮಚೆತೆಆದಾ", ಅಂದರೆ ಮಚ್ಚಿನೇಟು ತಿಂದ ಪುಟ್ಟ ಹಾವು. ಮಚ್ಚಿನೇಟು ಬಿದ್ದ ಹಾವು ಹೇಗೆ ಆ ಕಡೆ ಈ ಕಡೆ ಹೊರಳುತ್ತದೆ ನೋಡಿದ್ದೀರಲ್ಲ, ಚೆಂಡು ಹಾಗೇ ಹೊರಳುತ್ತದೆ. ಪಾದದ ಹೊರಬದಿಯಿಂದ ಚೆಂಡನ್ನು ಆಚೆಗೆ ತಳ್ಳುತ್ತಾನೆ, ಡಿಫೆಂಡರ್ ಆ ಕಡೆ ವಾಲುತ್ತಾನೆ, ಕಣ್ಣು ಮಿಟುಕಿಸುವುದರೊಳಗೆ ಅದೇ ಪಾದದ ಒಳಬದಿಯಿಂದ ಈಚೆಗೆ ಎಳೆದು ಪಾರಾಗುತ್ತಾನೆ. ಇವತ್ತು ಇದನ್ನು ಮಾಡುವವರು ಬಹಳ ಜನ ಇದ್ದಾರೆ. ಆದರೆ 1980ರ ದಶಕದ ಸ್ಪೇನ್‌ನಲ್ಲಿ ಕಾಲು ಮುರಿಯುವ ಹಾಗೆ ಬೀಳುತ್ತಿದ್ದ ಡಿಫೆಂಡರ್‌ಗಳ ಎದುರು, ಕೆಸರಾದ ಮೈದಾನದಲ್ಲಿ, ಓಡುತ್ತಲೇ ಇದನ್ನು ಮಾಡುವುದು ಬೇರೆಯೇ ಲೆಕ್ಕ.

ಸರಿ, ಈಗ ನಿದ್ದೆ ವಿಷಯ. ರಾತ್ರಿ ಎಷ್ಟು ಹೊತ್ತಾದರೂ ಮನೆಗೆ ಹೋಗುತ್ತಿರಲಿಲ್ಲ, ಬೆಳಗ್ಗೆ ಪ್ರಾಕ್ಟೀಸ್‌ಗೆ ಬರುತ್ತಿರಲಿಲ್ಲ. ಎಬ್ಬಿಸಿ ಕರೆತರಲು ಕ್ಲಬ್ಬಿನವರು ಜನ ಕಳಿಸಬೇಕಿತ್ತು. ಕಾಡಿಸ್‌ನಲ್ಲಿ ಈಗಲೂ ಒಂದು ಕಥೆ ಹೇಳುತ್ತಾರೆ. ಊರಿನ ಬೇಸಿಗೆ ಟೂರ್ನಮೆಂಟ್‌ನಲ್ಲಿ ಬಾರ್ಸಿಲೋನಾ ಎದುರು ಪಂದ್ಯ, ಇವನ ಪತ್ತೆಯೇ ಇಲ್ಲ, ಅರ್ಧ ಆಟ ಮುಗಿದಾಗ ತಂಡ ಹಿಂದೆ ಬಿದ್ದಿತ್ತು, ಆಗ ಇವನು ಕಣ್ಣುಜ್ಜಿಕೊಂಡು ಬಂದು ಬೂಟು ಹಾಕಿಕೊಂಡು ಇಳಿದ, ಎರಡು ಗೋಲು ತಾನೇ ಹೊಡೆದ, ಮತ್ತೆರಡು ಹೊಡೆಸಿದ, 4-1. ಹೇಳುವವರ ಬಾಯಲ್ಲಿ ಇದು ಎಷ್ಟು ಬೆಳೆದಿದೆಯೋ ಏನೋ. ಊರಿಗೊಂದು ಇಂಥ ಕಥೆ ಬೇಕು ಬಿಡಿ.

1984ರ ಅಮೆರಿಕ ಪ್ರವಾಸ ಮಾತ್ರ ಕಥೆಯಲ್ಲ, ನಡೆದದ್ದು. ಬಾರ್ಸಿಲೋನಾ ಅವನನ್ನು ಪರೀಕ್ಷೆ ಮಾಡಲೆಂದೇ ತನ್ನ ಜೊತೆ ಕರೆದುಕೊಂಡು ಹೋಯಿತು. ಮರಡೋನಾ ಜೊತೆಗೇ ಆಡಿದ. ಅಲ್ಲೇ ಹೋಟೆಲ್ಲಿನ ಫೈರ್ ಅಲಾರಂ ಪ್ರಸಂಗವನ್ನು ಎಲ್ಲರೂ ಹೇಳುವುದು: ಅಲಾರಂ ಹೊಡೆದಾಗ ಇಡೀ ತಂಡ ಕೆಳಗೆ ಓಡಿತು, ಇವನು ಮಾತ್ರ ಗೆಳತಿಯ ಜೊತೆ ರೂಮಿನಲ್ಲೇ ಉಳಿದ, ಅದಕ್ಕೇ ಬಾರ್ಸಿಲೋನಾ ಬೇಡ ಅಂದಿತು, ಅಲಾರಂ ಒತ್ತಿದ್ದು ಮರಡೋನಾನೇ.

ಮಜವಾಗಿದೆ, ಒಪ್ಪಿದೆ. ಆದರೆ ನನ್ನ ತಕರಾರು ಇಲ್ಲೇ ಇರುವುದು. ಆ ಕಾಲದಲ್ಲಿ ಸ್ಪೇನ್‌ನ ಒಂದು ತಂಡ ಇಬ್ಬರು ವಿದೇಶಿಯರನ್ನಷ್ಟೇ ಆಡಿಸಬಹುದಿತ್ತು. ಎಣಿಸಿ ನೋಡಿ, ಬಾರ್ಸಿಲೋನಾದಲ್ಲಿ ಒಬ್ಬ ಮರಡೋನಾ, ಇನ್ನೊಬ್ಬ ಜರ್ಮನಿಯ ಶುಸ್ಟರ್. ಜಾಗ ಎಲ್ಲಿದೆ? ಆ ಜುಲೈನಲ್ಲಿ ಮರಡೋನಾ ಇಟಲಿಯ ನೇಪಲ್ಸ್ ಕ್ಲಬ್ಬಿಗೆ ಹೊರಟಾಗ ಒಂದು ಕುರ್ಚಿ ಖಾಲಿಯಾಯಿತು. ಹೊಸ ಕೋಚ್ ಟೆರಿ ವೆನಬಲ್ಸ್ ಇಂಗ್ಲೆಂಡ್‌ನಿಂದ ಬಂದವನು, ಆ ಕುರ್ಚಿಗೆ ಅಲ್ಲೇ ಟಾಟನ್‌ಹ್ಯಾಮ್‌ನಲ್ಲಿ ಆಡುತ್ತಿದ್ದ ಸ್ಟೀವ್ ಆರ್ಚಿಬಾಲ್ಡ್‌ನನ್ನು ಕೂರಿಸಿದ. ಮುಂದಿನ ವರ್ಷ ಲೀಗ್ ಕೂಡ ಗೆದ್ದ. ಹೀಗಿರುವಾಗ ಎಲ್ಲವನ್ನೂ ಒಂದು ಅಲಾರಂ ಮೇಲೆ ಹಾಕುವುದು ಯಾಕೆ? ಇವತ್ತಿನ ಹಾಗೆ ಇಡೀ ತಂಡವೇ ಹೊರದೇಶದವರು ಇರಬಹುದು ಅನ್ನುವ ಕಾಲವಾಗಿದ್ದರೆ, ಬೆಂಚಿನ ಮೇಲೆ ಕೂರಿಸಲಿಕ್ಕಾದರೂ ಯಾವುದಾದರೂ ದೊಡ್ಡ ಕ್ಲಬ್ಬು ಇವನನ್ನು ಕೊಳ್ಳುತ್ತಿತ್ತು. ಇರುವ ಎರಡೇ ಜಾಗದಲ್ಲಿ ಒಂದನ್ನು ಬೆಳಗ್ಗೆ ಏಳದವನಿಗೆ ಕೊಡಬೇಕು ಅಂದಾಗ ಯಾವ ಮ್ಯಾನೇಜರ್ ಆದರೂ ಎರಡು ಸಲ ಯೋಚಿಸುತ್ತಾನೆ. ನಿದ್ದೆಯೂ ಕಾರಣ, ನಿಯಮವೂ ಕಾರಣ.

ಇವನನ್ನು ತೀರಾ ಮುದ್ದು ಮಾಡುವುದೂ ನನಗೆ ಇಷ್ಟವಿಲ್ಲ. 1985ರ ಆರಂಭದಲ್ಲಿ ವಯ್ಯದೊಲಿದ್ ಕ್ಲಬ್ಬಿಗೆ ಹೋದ. ಒಳನಾಡು, ಚಳಿ, ಸಮುದ್ರ ಇಲ್ಲ. ರಾತ್ರಿ ಎಲ್ಲಿಗೆ ಹೋಗುತ್ತಾನೆ ಅಂತ ನೋಡಲು ಹಿಂದೆ ಜನ ಬಿಟ್ಟಿದ್ದರಂತೆ. ಬೆರಳೆಣಿಕೆಯಷ್ಟು ಪಂದ್ಯ ಆಡಿ ಹೊರಬಿದ್ದ. ಅಲ್ಲಿ ಸೋತದ್ದಕ್ಕೆ ಯಾವ ನಿಯಮವೂ ಅಡ್ಡ ಬಂದಿರಲಿಲ್ಲ. ಜೊತೆಗೆ, ದಿನಾ ಬೆಳಗ್ಗೆ ಸರಿಯಾಗಿ ಬಂದು ಬೆವರು ಸುರಿಸುತ್ತಿದ್ದ ಉಳಿದ ಹತ್ತು ಜನರಿಗೆ ಒಳಗೊಳಗೇ ಏನನ್ನಿಸುತ್ತಿತ್ತೋ. ಅವರ ಬಗ್ಗೆ ಯಾರೂ ಕಥೆ ಕಟ್ಟುವುದಿಲ್ಲ.

ಮತ್ತೆ ಕಾಡಿಸ್‌ಗೇ ಬಂದ. ಕ್ಲಬ್ಬಿನವರೂ ಬುದ್ಧಿ ಕಲಿತಿದ್ದರು: ಆಡಿದ ಪಂದ್ಯಕ್ಕೆ ಇಷ್ಟು ದುಡ್ಡು, ಆಡದಿದ್ದರೆ ಇಲ್ಲ. ದಿನಗೂಲಿ ಲೆಕ್ಕ ಅನ್ನಿ. ಅದು ಕೆಲಸ ಮಾಡಿತು. 1987-88ರಲ್ಲಿ ಕಾಡಿಸ್ ಮೊದಲ ಡಿವಿಷನ್‌ನಲ್ಲಿ 12ನೇ ಸ್ಥಾನಕ್ಕೆ ಬಂತು, ಅಲ್ಲಿಯವರೆಗೆ ಅಷ್ಟು ಮೇಲೆ ಆ ಕ್ಲಬ್ಬು ಹೋಗಿರಲೇ ಇಲ್ಲ. 12ನೇ ಸ್ಥಾನ ಅಂದರೆ ನಿಮಗೆ ನಗು ಬರಬಹುದು. ಪ್ರತಿ ವರ್ಷ ಕೆಳಗೆ ಬೀಳುವ ಭಯದಲ್ಲೇ ಬದುಕುವ ಕ್ಲಬ್ಬಿನವರನ್ನು ಕೇಳಿ ನೋಡಿ, ಅದು ಹಬ್ಬ. 1991ರವರೆಗೆ ಅಲ್ಲೇ ಇದ್ದ.

ಫುಟ್‌ಬಾಲನ್ನು ಕೆಲಸ ಅಂತ ನೋಡಿದರೆ ತಾನು ತಾನಾಗಿರುವುದಿಲ್ಲ, ಖುಷಿಗೆ ಆಡುತ್ತೇನೆ ಅಷ್ಟೇ ಅನ್ನುವ ಅರ್ಥದ ಮಾತನ್ನು ಅವನೇ ಆಡಿದ್ದಾನೆ. ಇದನ್ನು ಜಂಬ ಅಂತ ಓದುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತನ್ನಿಂದ ಏನಾಗುತ್ತದೆ, ಏನಾಗುವುದಿಲ್ಲ ಅಂತ ಸರಿಯಾಗಿ ಗೊತ್ತಿದ್ದವನ ಮಾತು ಅದು. ದೊಡ್ಡ ಕ್ಲಬ್ಬಿಗೆ ಹೋಗಿದ್ದರೆ ವಯ್ಯದೊಲಿದ್‌ನಲ್ಲಿ ಆದದ್ದೇ ಅಲ್ಲೂ ಆಗುತ್ತಿತ್ತು ಅಂತ ನನ್ನ ಅಂದಾಜು, ಇನ್ನಷ್ಟು ದೊಡ್ಡ ಸದ್ದಿನಲ್ಲಿ.

1991ರಲ್ಲಿ ಊರಿಗೆ ಮರಳಿ ಮತ್ತೆ ಎಫ್‌ಎಎಸ್ ಸೇರಿದ. ಮರುವರ್ಷದ ಜನವರಿಯಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು, ಯುದ್ಧ ಮುಗಿಯಿತು. ನಲವತ್ತರ ಹತ್ತಿರ ಬಂದರೂ ಆಡುತ್ತಲೇ ಇದ್ದ, 1990ರ ದಶಕದ ಮಧ್ಯದಲ್ಲಿ ಎಫ್‌ಎಎಸ್ ಎರಡು ಸಲ ದೇಶದ ಚಾಂಪಿಯನ್ ಆಯಿತು. ಸಾನ್ ಸಾಲ್ವಡಾರ್‌ನಲ್ಲಿ "ಫ್ಲೋರ್ ಬ್ಲಾಂಕಾ" ಅನ್ನುವ ಹಳೇ ರಾಷ್ಟ್ರೀಯ ಸ್ಟೇಡಿಯಂ ಇದೆ. 2006ರಲ್ಲಿ ಅದಕ್ಕೆ ಇವನ ಹೆಸರಿಟ್ಟರು, ಬದುಕಿರುವಾಗಲೇ. 2013ರಲ್ಲಿ ಮೆಕ್ಸಿಕೋದ ಪಚುಕಾದಲ್ಲಿರುವ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೂ ಸೇರಿಸಿದರು.

ಇದೇ ಮಧ್ಯ ಅಮೆರಿಕದಿಂದ ಬಂದ ಇನ್ನೊಬ್ಬನನ್ನು ಪಕ್ಕಕ್ಕಿಟ್ಟು ನೋಡಿ. ಕೋಸ್ಟರಿಕಾದ ಗೋಲ್‌ಕೀಪರ್ ಕೇಲರ್ ನವಾಸ್. ಸಪ್ರಿಸಾ, ಅಲ್ಬಸೆತೆ, ಲೆವಾಂತೆ ಅಂತ ಒಂದೊಂದೇ ಮೆಟ್ಟಿಲು ಹತ್ತಿ, 2014ರ ವಿಶ್ವಕಪ್‌ನಲ್ಲಿ ಮಿಂಚಿ, ರಿಯಲ್ ಮ್ಯಾಡ್ರಿಡ್ ಸೇರಿ, 2016ರಿಂದ 2018ರವರೆಗೆ ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಮೆಂಟ್ ಆದ ಚಾಂಪಿಯನ್ಸ್ ಲೀಗನ್ನು ಸತತ ಮೂರು ಸಲ ಗೆದ್ದ. ಟ್ರೋಫಿ ಲೆಕ್ಕಕ್ಕೆ ಮಾಹಿಕೊ ಅವನ ಹತ್ತಿರವೂ ಸುಳಿಯುವುದಿಲ್ಲ. ಆದರೂ ಕಾಡಿಸ್‌ನಲ್ಲಿ ಅಪ್ಪ ಮಗನಿಗೆ ಹೇಳುವ ಕಥೆಯಲ್ಲಿ ಬರುವವನು ಮಾಹಿಕೊ.

ಮರಡೋನಾಗಿಂತ ದೊಡ್ಡವನಾ ಅಂತ ಕೇಳಿದರೆ, ಅಲ್ಲ. ನೇಪಲ್ಸ್‌ಗೆ ಎರಡು ಲೀಗ್ ಗೆದ್ದುಕೊಟ್ಟವನ ಜೊತೆ ಹೋಲಿಸಲು ಕಾಲಿನ ಚಮತ್ಕಾರ ಒಂದೇ ಸಾಲುವುದಿಲ್ಲ. ಜೊತೆಗೆ ನಾವು ನೋಡುವುದೆಲ್ಲ ಆಯ್ದು ಅಂಟಿಸಿದ ತುಣುಕುಗಳು, ಅದರಲ್ಲಿ ಕಳೆದುಕೊಂಡ ಚೆಂಡು ಒಂದೂ ಇರುವುದಿಲ್ಲ. ಅದಕ್ಕೇ ಸಿಕ್ಕರೆ 1982ರ ಬೆಲ್ಜಿಯಂ ಪಂದ್ಯ ಪೂರ್ತಿ ನೋಡಿ ಅಂತೀನಿ. ಹಂಗೇರಿ ಎದುರಿನ 10-1 ಆಗಿ ನಾಲ್ಕೇ ದಿನ. ಚೆಂಡನ್ನು ಬಿಟ್ಟುಬಿಡಿ, 11ನೇ ನಂಬರಿನವನನ್ನು ಮಾತ್ರ ನೋಡುತ್ತಾ ಕೂರಿ.