ಇಪ್ಪತ್ತು ಥಿನ್ ಕ್ಲೈಂಟ್‌ಗಳಿರುವ ಶಾಲೆಯ ಲ್ಯಾಬ್‌ಗೆ ಎಷ್ಟು ದೊಡ್ಡ ಸರ್ವರ್ ಬೇಕು?

ಇಪ್ಪತ್ತು ಹಳೆ ಕಂಪ್ಯೂಟರ್, ಒಂದು ಹೊಸ ಸರ್ವರ್, ಅದರಲ್ಲಿ ಮಕ್ಕಳ ಕಲಿಕೆಯ ಆಟಗಳಿರುವ ಜಿಕಾಂಪ್ರಿಸ್, ಚಿತ್ರ ಬಿಡಿಸುವ ಟಕ್ಸ್ ಪೇಂಟ್, ಆಕಾಶ ತೋರಿಸುವ ಸ್ಟೆಲೇರಿಯಂ. ಸರ್ವರ್‌ಗೆ 32 ಜಿಬಿ ರ‍್ಯಾಮ್ ಸಾಕಾ, 64 ಬೇಕಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಾನೂ ಒಂದು ಕಾಲದಲ್ಲಿ ಸಿಕ್ಕವರಿಗೆಲ್ಲ ಕೇಳುತ್ತಿದ್ದೆ. ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳಿದರು. ಪ್ರಶ್ನೆಯೇ ಸರಿಯಿಲ್ಲ ಅಂತ ಯಾರೂ ಹೇಳಲಿಲ್ಲ. ಆದ್ದರಿಂದ ನಾನು ಹೇಳಿಬಿಡುತ್ತೇನೆ: ದೊಡ್ಡ ಸರ್ವರ್ ಕೊಳ್ಳಬೇಡಿ.

ನಾನು ಶಾಲೆಯ ಲ್ಯಾಬ್ ಕಟ್ಟಿದ್ದು ಹಳೆಯ ಎಲ್‌ಟಿಎಸ್‌ಪಿ ಮೇಲೆ. ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್, ಜಿಮ್ ಮೆಕ್‌ಕ್ವಿಲನ್ 1999ರಲ್ಲಿ ಶುರು ಮಾಡಿದ್ದು. ಕ್ಲೈಂಟ್‌ಗೆ ಹಾರ್ಡ್ ಡಿಸ್ಕ್ ಬೇಡ. ಆನ್ ಮಾಡಿದರೆ ನೆಟ್‌ವರ್ಕ್ ಕಾರ್ಡ್ ಪಿಎಕ್ಸ್‌ಇ (ನೆಟ್‌ವರ್ಕ್‌ನಿಂದಲೇ ಬೂಟ್ ಮಾಡುವ ವಿಧಾನ) ಮೂಲಕ ಸರ್ವರನ್ನು ಹುಡುಕಿ ಲಿನಕ್ಸ್‌ನ ತಿರುಳಾದ ಕರ್ನಲ್ ತರಿಸಿಕೊಳ್ಳುತ್ತದೆ, ಲಾಗಿನ್ ಪರದೆ ಬರುತ್ತದೆ. ಆಮೇಲೆ ಪ್ರೋಗ್ರಾಂಗಳೆಲ್ಲ ಓಡುವುದು ಸರ್ವರ್‌ನಲ್ಲೇ. ಮಗುವಿನ ಮುಂದಿರುವ ಯಂತ್ರ ಚಿತ್ರ ತೋರಿಸುತ್ತದೆ, ಕೀಬೋರ್ಡ್ ಮತ್ತು ಮೌಸ್‌ನಿಂದ ಬಂದದ್ದನ್ನು ವಾಪಸ್ ಕಳಿಸುತ್ತದೆ, ಅಷ್ಟೇ. ಇಂಥ ಯಂತ್ರಕ್ಕೇ ಥಿನ್ ಕ್ಲೈಂಟ್ ಅನ್ನುವುದು.

ಆಗಿನ ಕೈಪಿಡಿಯಲ್ಲಿ ರ‍್ಯಾಮ್‌ಗೆ ಒಂದು ಸೂತ್ರ ಇತ್ತು. 256 ಎಂಬಿ, ಅದರ ಮೇಲೆ ತಲೆಗೆ 192 ಎಂಬಿ. ಇಪ್ಪತ್ತು ಮಕ್ಕಳಿಗೆ 4096 ಎಂಬಿ. ನಾನು ಅದರ ಎರಡರಷ್ಟು ಹಾಕಿಸಿದೆ. ಸಂಜೆ ಎಲ್ಲರೂ ಹೋದ ಮೇಲೆ ಒಂದು ಕ್ಲೈಂಟ್ ಆನ್ ಮಾಡಿ ಟಕ್ಸ್ ಪೇಂಟ್ ತೆರೆದೆ, ಅಕ್ಷರ ಟೈಪ್ ಮಾಡಿದೆ. ಚೆನ್ನಾಗಿ ಓಡಿತು. ಪಕ್ಕದ್ದನ್ನೂ ಆನ್ ಮಾಡಿದೆ. ಅದೂ ಓಡಿತು. ಸರಿ, ಮುಗಿಯಿತು ಅಂದುಕೊಂಡೆ.

ಮರುದಿನ ಮಕ್ಕಳು ಬಂದರು. ಮೇಲಿನಿಂದ ಅಕ್ಷರ ಬೀಳುತ್ತದಲ್ಲ, ನೆಲ ಮುಟ್ಟುವ ಮುಂಚೆ ಆ ಕೀಲಿ ಒತ್ತಬೇಕು, ಆ ಆಟವನ್ನು ಎಲ್ಲರೂ ತೆರೆಯಿರಿ ಎಂದರು ಟೀಚರ್. ಅಕ್ಷರ ಗಾಳಿಯಲ್ಲೇ ನಿಂತುಬಿಟ್ಟಿತು. ಸ್ವಲ್ಪ ಹೊತ್ತಿಗೆ ನೋಡಿದರೆ ನೆಲದ ಮೇಲಿದೆ. ಮಕ್ಕಳು ಸರಿಯಾದ ಕೀಲಿಯನ್ನೇ ಒತ್ತಿದ್ದರು, ಆದರೆ ಸರ್ವರ್‌ನ ಲೆಕ್ಕದಲ್ಲಿ ಅಕ್ಷರ ಯಾವಾಗಲೋ ಬಿದ್ದಾಗಿತ್ತು. ಎಲ್ಲರಿಗೂ ತಪ್ಪು ಅಂತ ಬಂತು. ಯಂತ್ರ ನಿಧಾನ ಅಂತ ದೊಡ್ಡವರಿಗೆ ಗೊತ್ತಾಗುತ್ತದೆ. ಏಳು ವರ್ಷದ ಮಗು ತನಗೇ ಬರುವುದಿಲ್ಲ ಅಂದುಕೊಳ್ಳುತ್ತದೆ. ಇದು ನನಗೆ ಇವತ್ತಿಗೂ ಸಂಕಟ.

ಈಗ ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ನಿಧಾನ ಅಂದ ಕೂಡಲೇ ನಾನು ಸರ್ವರ್ ಕಡೆ ನೋಡಿದೆ. ಇನ್ನಷ್ಟು ರ‍್ಯಾಮ್ ಹಾಕಿಸಿದೆ. ಏನೂ ಬದಲಾಗಲಿಲ್ಲ. ಪ್ರೊಸೆಸರ್ ಬದಲಾಯಿಸಿದೆ. ಆಗಲೂ ಇಲ್ಲ. ಶಾಲೆಯವರು ಕಷ್ಟಪಟ್ಟು ಹೊಂದಿಸಿದ ದುಡ್ಡು ಅದರಲ್ಲೇ ಹೋಯಿತು. ಸರ್ವರ್‌ನಿಂದ ಹೊರಡುವ ವೈರ್ ಕಡೆ ಮಾತ್ರ ನಾನು ನೋಡಲೇ ಇಲ್ಲ. ಬಾವಿ ತುಂಬ ನೀರಿತ್ತು, ಹಗ್ಗದ ತುದಿಗೆ ಲೋಟ ಕಟ್ಟಿದ್ದೆ.

ಲೆಕ್ಕ ಹಾಕಿ ನೋಡಿ. 1024×768 ಪರದೆಯಲ್ಲಿ ಸುಮಾರು ಏಳು ಲಕ್ಷ ಎಂಬತ್ತಾರು ಸಾವಿರ ಚುಕ್ಕೆಗಳು. ಒಂದು ಚುಕ್ಕೆಗೆ 4 ಬೈಟ್. ಅಂದರೆ ಪರದೆ ತುಂಬುವ ಒಂದು ಚಿತ್ರಕ್ಕೆ 3 ಎಂಬಿ ದಾಟುತ್ತದೆ. ಆ ಕಾಲದ ಥಿನ್ ಕ್ಲೈಂಟ್‌ನಲ್ಲಿ ಇದು ಹಿಂಡದೆ ಕುಗ್ಗಿಸದೆ ಹಾಗೇ ವೈರ್ ಮೇಲೆ ಹೋಗುತ್ತಿತ್ತು. ಯಂತ್ರಗಳನ್ನೆಲ್ಲ ಜೋಡಿಸುವ ನನ್ನ ಸ್ವಿಚ್ 100 ಎಂಬಿಪಿಎಸ್‌ದು, ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಸಾಗುತ್ತದೆ. ಒಬ್ಬರೇ ಕೂತರೆ ಸೆಕೆಂಡಿಗೆ ನಾಲ್ಕು ಚಿತ್ರ. ಇಪ್ಪತ್ತು ಮಕ್ಕಳು ಕೂತರೆ ಒಬ್ಬೊಬ್ಬರಿಗೆ ಐದು ಸೆಕೆಂಡಿಗೊಂದು ಚಿತ್ರ! ಪರದೆಯ ಒಂದು ಮೂಲೆ ಮಾತ್ರ ಬದಲಾದರೆ ಇಷ್ಟು ಕೆಡುವುದಿಲ್ಲ, ನಿಜ. ಟೈಪಿಂಗ್, ಸ್ಪ್ರೆಡ್‌ಶೀಟ್ ಎಲ್ಲ ಥಿನ್ ಕ್ಲೈಂಟ್‌ನಲ್ಲಿ ಹಾಯಾಗಿ ಓಡುವುದು ಅದಕ್ಕೇ. ಆದರೆ ಚಿಕ್ಕ ಮಕ್ಕಳ ಸಾಫ್ಟ್‌ವೇರ್ ಅಂದರೆ ಪರದೆ ತುಂಬ ಓಡಾಟ, ಅಲ್ವಾ?

ಸಂಜೆ ಮಾಡಿದ ಪರೀಕ್ಷೆ ಯಾಕೆ ಸುಳ್ಳು ಹೇಳಿತು ಅನ್ನುವುದೂ ಇದರಲ್ಲೇ ಇದೆ. ಆಫೀಸಿನಲ್ಲಿ ಒಬ್ಬರು ಪತ್ರ ಬರೆಯುತ್ತಿದ್ದರೆ ಇನ್ನೊಬ್ಬರು ಫೋನಿನಲ್ಲಿರುತ್ತಾರೆ. ತರಗತಿ ಹಾಗಲ್ಲ. ಬೆಲ್ ಹೊಡೆದರೆ ಎಲ್ಲ ಯಂತ್ರಗಳೂ ಒಟ್ಟಿಗೆ ಆನ್ ಆಗುತ್ತವೆ. ಟೀಚರ್ ಒಂದು ಮಾತು ಹೇಳಿದರೆ ಇಡೀ ತರಗತಿ ಒಂದೇ ಸೆಕೆಂಡಿನಲ್ಲಿ ಒಂದೇ ಪ್ರೋಗ್ರಾಂ ತೆರೆಯುತ್ತದೆ. ಆಫೀಸಿನ ಲೆಕ್ಕ ಶಾಲೆಗೆ ಹೊಂದುವುದೇ ಇಲ್ಲ.

ಗಿಗಾಬಿಟ್ ಸ್ವಿಚ್ ಹಾಕಿದೆ. ಸುಧಾರಿಸಿತು, ಸಾಲಲಿಲ್ಲ. ಮೇಲಿನ ಲೆಕ್ಕವನ್ನೇ ಹತ್ತು ಪಟ್ಟು ಮಾಡಿದರೂ ಒಂದು ಮಗುವಿಗೆ ಸೆಕೆಂಡಿಗೆ ಎರಡು ಚಿತ್ರ ಸಿಗುತ್ತದೆ. ಕೊನೆಗೆ ಥಿನ್ ಕ್ಲೈಂಟ್ ಅನ್ನುವ ಹಟವನ್ನೇ ಬಿಟ್ಟೆ. ಯಂತ್ರಗಳು ಮೊದಲಿನ ಹಾಗೇ ಡಿಸ್ಕ್ ಇಲ್ಲದೆ ನೆಟ್‌ವರ್ಕ್‌ನಿಂದ ಬೂಟ್ ಆಗಲಿ, ಆದರೆ ಪ್ರೋಗ್ರಾಂ ಅವುಗಳಲ್ಲೇ ಓಡಲಿ. ಇದಕ್ಕೆ ಫ್ಯಾಟ್ ಕ್ಲೈಂಟ್ ಅನ್ನುತ್ತಿದ್ದರು. 2019ರಲ್ಲಿ ಆಲ್ಕಿಸ್ ಯೋರ್ಗೊಪೌಲೋಸ್ ಎಲ್‌ಟಿಎಸ್‌ಪಿಯನ್ನು ಹೊಸದಾಗಿ ಬರೆದರು. ಅದರಲ್ಲಿ ಮಾಮೂಲಿ ದಾರಿಯೇ ಇದು. ಇಡೀ ಸಿಸ್ಟಂನ ಪ್ರತಿಯಾದ ಒಂದು ಇಮೇಜ್ ಮಾಡಿಡುತ್ತೀರಿ, ಎಲ್ಲ ಯಂತ್ರಗಳೂ ಅದನ್ನೇ ಓದುತ್ತವೆ. ಸರ್ವರ್ ಒಮ್ಮೆ ಡಿಸ್ಕ್‌ನಿಂದ ಓದಿದ ಭಾಗ ಅದರ ರ‍್ಯಾಮ್‌ನಲ್ಲೇ ಉಳಿಯುತ್ತದೆ, ಉಳಿದ ಯಂತ್ರಗಳಿಗೆ ಅಲ್ಲಿಂದಲೇ ಹೋಗುತ್ತದೆ. ಹಾಗಾಗಿ ಸರ್ವರ್‌ಗೆ ಕೆಲಸ ತೀರಾ ಕಡಿಮೆ. ಎಸ್‌ಎಸ್‌ಡಿ ಇರುವ, 8 ಜಿಬಿ ರ‍್ಯಾಮ್‌ನ ಸಾಧಾರಣ ಡೆಸ್ಕ್‌ಟಾಪ್ ಸಾಕು.

ಆದ್ದರಿಂದ ನಿಮ್ಮ ದುಡ್ಡು ಹೋಗಬೇಕಾದ್ದು ಬೇರೆ ಕಡೆ. ಮೊದಲು ಗಿಗಾಬಿಟ್ ಸ್ವಿಚ್ ಮತ್ತು ಒಳ್ಳೆ ಕೇಬಲ್. ವೈಫೈ ಮೇಲೆ ಪಿಎಕ್ಸ್‌ಇ ಬೂಟ್ ಆಗುವುದಿಲ್ಲ, ಅದರ ಆಸೆ ಬೇಡ. ಆಮೇಲೆ ಕ್ಲೈಂಟ್‌ಗಳ ರ‍್ಯಾಮ್. ಜಿಕಾಂಪ್ರಿಸ್‌ಗೆ 2 ಜಿಬಿ ಇದ್ದರೆ ನಡೆಯುತ್ತದೆ, ಬ್ರೌಸರ್ ಬೇಕೆಂದರೆ 4 ಇರಲಿ. ಸ್ಟೆಲೇರಿಯಂಗೆ ಓಪನ್‌ಜಿಎಲ್ (ಗ್ರಾಫಿಕ್ಸ್ ಚಿಪ್‌ನಿಂದ ಚಿತ್ರ ಬಿಡಿಸುವ ವ್ಯವಸ್ಥೆ) ಬೇಕು. ಅದು ಕ್ಲೈಂಟ್‌ನ ಸ್ವಂತ ಗ್ರಾಫಿಕ್ಸ್ ಚಿಪ್‌ನಲ್ಲಿ ಓಡಬೇಕೇ ಹೊರತು ಇಪ್ಪತ್ತು ಆಕಾಶಗಳನ್ನು ಒಂದೇ ಸರ್ವರ್‌ನ ಪ್ರೊಸೆಸರ್ ಬಿಡಿಸುವುದು ಆಗದ ಮಾತು. 512 ಎಂಬಿಯ ಯಂತ್ರಗಳಿದ್ದರೆ? ಅವುಗಳಿಗಾಗಿ ದೊಡ್ಡ ಸರ್ವರ್ ಕೊಳ್ಳುವ ಬದಲು ಅವನ್ನೇ ಬಿಟ್ಟುಬಿಡಿ ಅನ್ನುತ್ತೇನೆ. ಚೆನ್ನಾಗಿ ಓಡುವ ಹತ್ತು ಯಂತ್ರಗಳ ಮುಂದೆ ಇಬ್ಬಿಬ್ಬರು ಮಕ್ಕಳು ಕೂತರೆ ಒಬ್ಬರಿಂದ ಒಬ್ಬರು ಕಲಿಯುತ್ತಾರೆ. ನಿಂತು ನಿಂತು ಓಡುವ ಇಪ್ಪತ್ತರ ಮುಂದೆ ಯಾರೂ ಏನೂ ಕಲಿಯುವುದಿಲ್ಲ.

ಇನ್ನು ಕೆಲವು ಸಣ್ಣ ವಿಷಯ, ಆದರೆ ಇವೇ ದಿನಗಟ್ಟಲೆ ಸಮಯ ತಿನ್ನುತ್ತವೆ. ಎಲ್ಲ ಮಕ್ಕಳಿಗೂ ಒಂದೇ ಅಕೌಂಟ್ ಕೊಡಬೇಡಿ. ಎರಡನೇ ಮಗು ಫೈರ್‌ಫಾಕ್ಸ್ ತೆರೆದ ಕೂಡಲೇ ಅದು ಆಗಲೇ ಓಡುತ್ತಿದೆ ಅಂತ ಹಟ ಹಿಡಿಯುತ್ತದೆ. ಸೀಟಿಗೊಂದು ಅಕೌಂಟ್ ಮಾಡಿ, ತಾನಾಗಿ ಲಾಗಿನ್ ಆಗುವ ಹಾಗೆ ಇಡಿ. ಶಾಲೆಯಲ್ಲಿ ಆಗಲೇ ರೂಟರ್ ಇದ್ದರೆ ಯಂತ್ರಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಎರಡನೇ ಡಿಎಚ್‌ಸಿಪಿ ಸರ್ವರ್ ಹಾಕಬೇಡಿ. ಡಿಎನ್‌ಎಸ್‌ಮಾಸ್ಕ್ ಅನ್ನುವ ಪ್ರೋಗ್ರಾಂ ಪ್ರಾಕ್ಸಿ ಡಿಎಚ್‌ಸಿಪಿಯಾಗಿ ಓಡುತ್ತದೆ, ಬೂಟ್ ಮಾಹಿತಿ ಮಾತ್ರ ಕೊಡುತ್ತದೆ, ರೂಟರ್ ತಂಟೆಗೆ ಹೋಗುವುದಿಲ್ಲ. ಮ್ಯಾನೇಜ್ಡ್ ಸ್ವಿಚ್ ಆಗಿದ್ದು ಕ್ಲೈಂಟ್‌ಗೆ ವಿಳಾಸವೇ ಸಿಗದಿದ್ದರೆ ನೆಟ್‌ವರ್ಕ್ ಸುತ್ತಿಕೊಳ್ಳದಂತೆ ಕಾಯುವ ಅದರ ಸ್ಪ್ಯಾನಿಂಗ್ ಟ್ರೀ ಸೆಟ್ಟಿಂಗ್ ನೋಡಿ. ಪೋರ್ಟ್ ತೆರೆದುಕೊಳ್ಳಲು ಅದು 30 ಸೆಕೆಂಡ್ ತೆಗೆದುಕೊಳ್ಳಬಹುದು, ಅಷ್ಟರಲ್ಲಿ ಪಿಎಕ್ಸ್‌ಇ ಕೈಬಿಟ್ಟಿರುತ್ತದೆ. ಕನ್ನಡ ಫಾಂಟ್, ಕೀಬೋರ್ಡ್ ಎಲ್ಲ ಹಾಕಿದ ಮೇಲೆ ಇಮೇಜ್ ಮತ್ತೆ ಕಟ್ಟಲೇಬೇಕು, ಇಲ್ಲದಿದ್ದರೆ ಕ್ಲೈಂಟ್‌ನಲ್ಲಿ ಏನೂ ಕಾಣುವುದಿಲ್ಲ. ಟೀಚರ್ ಯಂತ್ರಕ್ಕೆ ಎಪೋಪ್ಟಿಸ್ ಅನ್ನುವ ಪ್ರೋಗ್ರಾಂ ಹಾಕಿಕೊಡಿ. ಮಕ್ಕಳ ಪರದೆಗಳೆಲ್ಲ ಒಂದೇ ಕಡೆ ಕಾಣುತ್ತವೆ, ಪಾಠ ಹೇಳುವಾಗ ಲಾಕ್ ಮಾಡಬಹುದು. ಸರ್ವರ್ ಮತ್ತು ಸ್ವಿಚ್ ಎರಡಕ್ಕೂ ಯುಪಿಎಸ್ ಇರಲಿ. ಡಿಸ್ಕ್ ಇಲ್ಲದ ಕ್ಲೈಂಟ್‌ಗೆ ಕರೆಂಟ್ ಹೋದರೂ ಫೈಲ್ ಕೆಡುವ ಭಯವಿಲ್ಲ. ಸರ್ವರ್ ಬಿದ್ದರೆ ಇಡೀ ಲ್ಯಾಬ್ ಬೀಳುತ್ತದೆ.

ಏನನ್ನೂ ಕೊಳ್ಳುವ ಮುಂಚೆ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಎಲ್‌ಟಿಎಸ್‌ಪಿ ಹಾಕಿ, ಈಗಿರುವ ಸ್ವಿಚ್‌ಗೆ ಸಿಕ್ಕಿಸಿ, ಇಪ್ಪತ್ತು ಮಕ್ಕಳನ್ನು ಕೂರಿಸಿ ಒಟ್ಟಿಗೆ ಜಿಕಾಂಪ್ರಿಸ್ ತೆರೆಸಿ. ಒಂಟಿ ಯಂತ್ರದ ಪರೀಕ್ಷೆ ಮಾಡಿ ನಂಬಬೇಡಿ. ಕ್ಲೈಂಟ್‌ಗಳಲ್ಲಿ ಎಷ್ಟು ರ‍್ಯಾಮ್ ಇದೆ, 64-ಬಿಟ್ ಹೌದಾ, ಸ್ವಿಚ್ ಯಾವ ವೇಗದ್ದು ಅಂತ ನೀವು ಬರೆದಿಲ್ಲ. ಪ್ರಶ್ನೆಗೆ ಅದನ್ನು ಸೇರಿಸಿ. ಯಾವ ಯಂತ್ರ ಇಟ್ಟುಕೊಳ್ಳಬಹುದು, ಯಾವುದು ಬೇಡ ಅಂತ ನೋಡಿ ಹೇಳುತ್ತೇನೆ.