ಹಸಿರು ಬೆಳೆ, ಬಿಳಿ ಬೇರುಗಂಟು

ಪ್ರಶ್ನೆ: ನಮ್ಮ ಎರಡು ಎಕರೆ ಜಮೀನು ಬೈರಮಂಗಲ ಕೆರೆಯ ಅಚ್ಚುಕಟ್ಟಿನಲ್ಲಿದೆ. ವೃಷಭಾವತಿಯ ನೀರು ಹಾಯಿಸಿ ಬಹಳ ವರ್ಷಗಳಿಂದ ಸೊಪ್ಪು, ಬೇಬಿಕಾರ್ನ್, ಮೇವಿನ ಹುಲ್ಲು ಬೆಳೆಯುತ್ತಿದ್ದೇವೆ. ಬೆಳೆ ಕಣ್ಣಿಗೆ ಹಸಿರಾಗಿಯೇ ಇರುತ್ತದೆ. ಆದರೆ ಅಲಸಂದೆ ಹಾಕಿದರೆ ಏಳುವುದಿಲ್ಲ, ಉಳುವಾಗ ಎರೆಹುಳು ಕಾಣುವುದಿಲ್ಲ, ಹಿಂದಿನ ಬೆಳೆಯ ಕೂಳೆ ಬೇಗ ಕೊಳೆಯುವುದಿಲ್ಲ. ಭಾರಲೋಹಗಳು ಕಾರಣವಿರಬಹುದೇ?
– ಬಿಡದಿ ಸಮೀಪದ ಒಬ್ಬ ರೈತರು

ಉತ್ತರ: ಇರಬಹುದು. ನೀವು ಹೇಳಿರುವ ಮೂರೂ ಲಕ್ಷಣಗಳು ಮಣ್ಣಿನೊಳಗಿನ ಜೀವಿಗಳಿಗೆ ಸಂಬಂಧಿಸಿದವು ಎಂಬುದನ್ನು ಮೊದಲು ಗಮನಿಸಬೇಕು. ವೃಷಭಾವತಿ ಬೆಂಗಳೂರಿನ ಕೊಳಚೆಯ ಜೊತೆಗೆ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ತರುತ್ತದೆ. ಕೊಳಚೆಯಲ್ಲಿರುವ ಸಾರಜನಕ ಮತ್ತು ರಂಜಕ ಬೆಳೆಯನ್ನು ಹಸಿರಾಗಿಡುತ್ತವೆ. ಆ ಹಸಿರನ್ನು ನೋಡಿ ಮಣ್ಣು ಚೆನ್ನಾಗಿದೆ ಎಂದುಕೊಳ್ಳುವಂತಿಲ್ಲ. ಕೊಳಚೆಯ ಸಾವಯವ ಅಂಶವನ್ನು ಸೂಕ್ಷ್ಮಜೀವಿಗಳು ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ತಿಂದು ಮುಗಿಸುತ್ತವೆ. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕ್ಕಲ್‌ಗಳು ಹಾಗೆ ಕರಗಿ ಹೋಗುವ ವಸ್ತುಗಳಲ್ಲ. ಪ್ರತಿ ನೀರಾವರಿಯಲ್ಲೂ ಸ್ವಲ್ಪ ಸ್ವಲ್ಪವಾಗಿ ಸೇರಿ ಮೇಲ್ಮಣ್ಣಿನಲ್ಲೇ ಉಳಿಯುತ್ತವೆ.

ಈ ಲೋಹಗಳೆಲ್ಲ ಬೆಳೆಯೊಳಗೆ ಒಂದೇ ರೀತಿಯಲ್ಲಿ ಹೋಗುವುದಿಲ್ಲ. ಸೀಸ ಹೆಚ್ಚಾಗಿ ಮಣ್ಣಿನ ಕಣಗಳಿಗೆ ಅಂಟಿಕೊಂಡು ಬೇರಿನ ಬಳಿಯೇ ನಿಲ್ಲುತ್ತದೆ. ಕ್ಯಾಡ್ಮಿಯಂ ಮಾತ್ರ ಸತುವನ್ನು ಹೋಲುವುದರಿಂದ, ಸತು, ಕಬ್ಬಿಣಗಳನ್ನು ಒಳಗೆಳೆಯುವ ದಾರಿಯಲ್ಲೇ ಬೇರನ್ನು ಹೊಕ್ಕು ಎಲೆಯವರೆಗೂ ಏರುತ್ತದೆ. ಆದ್ದರಿಂದಲೇ ಕಾಳು, ಕಾಯಿಗಳಿಗಿಂತ ಪಾಲಕ್, ದಂಟಿನಂಥ ಸೊಪ್ಪುಗಳ ಬಗ್ಗೆ ನಮಗೆ ಹೆಚ್ಚು ಆತಂಕ. ಗಿಡಕ್ಕೆ ಏನೂ ಆಗದಂತೆ ಕಂಡರೂ ತಿನ್ನುವವರಿಗೆ ಹಾನಿಯಾಗುವಷ್ಟು ಕ್ಯಾಡ್ಮಿಯಂ ಎಲೆಯಲ್ಲಿರಬಹುದು. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯ ನೀರು ಹರಿದ ಗದ್ದೆಗಳ ಅಕ್ಕಿಯನ್ನು ಉಂಡವರ ಮೂತ್ರಪಿಂಡ ಕೆಟ್ಟು, ಮೂಳೆಗಳು ಮೆದುವಾಗಿ ಮುರಿದವು. ಅದಕ್ಕೆ ಕ್ಯಾಡ್ಮಿಯಂ ಕಾರಣವೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ.

ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ ನನಗೆ ತಿಳಿದ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಇಂಗ್ಲೆಂಡಿನ ವೋಬರ್ನ್‌ನದು. ಅಲ್ಲಿನ ಪ್ರಯೋಗದ ಹೊಲದ ಕೆಲವು ತಾಕುಗಳಿಗೆ 1942ರಿಂದ 1961ರವರೆಗೆ ನಗರದ ಕೊಳಚೆಯ ಗಸಿಯನ್ನು ಗೊಬ್ಬರವಾಗಿ ಹಾಕಿದ್ದರು. ನಿಲ್ಲಿಸಿ ಇಪ್ಪತ್ತು ವರ್ಷ ಕಳೆದ ಮೇಲೆ ಅಳೆದಾಗ, ಕೊಟ್ಟಿಗೆ ಗೊಬ್ಬರದ ತಾಕುಗಳಿಗೆ ಹೋಲಿಸಿದರೆ ಇವುಗಳಲ್ಲಿ ಸೂಕ್ಷ್ಮಜೀವಿಗಳ ಒಟ್ಟು ತೂಕ ಸುಮಾರು ಅರ್ಧದಷ್ಟೇ ಇತ್ತು. ಬಿಳಿ ಕ್ಲೋವರ್ ಎಂಬ ದ್ವಿದಳ ಮೇವು ಅಲ್ಲಿ ಸೊರಗಿತು. ಬೇರಿನಲ್ಲಿ ಗಂಟುಗಳಿದ್ದವು, ಆದರೆ ಗಂಟಿನೊಳಗೆ ವಾಸಿಸಿ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾದ ಕೆಲಸ ಮಾಡುವ ತಳಿಗಳು ಸತ್ತು, ಗಂಟು ಕಟ್ಟಿದರೂ ಸಾರಜನಕ ಹಿಡಿಯಲಾರದ ತಳಿಯೊಂದೇ ಉಳಿದಿತ್ತು. ಗಿಡ ಆಹಾರ ಕೊಟ್ಟು ಸಾಕುತ್ತಿದೆ, ಪ್ರತಿಯಾಗಿ ಏನೂ ಸಿಗುತ್ತಿಲ್ಲ.

ನಿಮ್ಮ ಅಲಸಂದೆಯಲ್ಲೂ ಹೀಗೆಯೇ ಆಗಿದೆಯೇ ಎಂಬುದರ ಸುಳಿವನ್ನು ಹೊಲದಲ್ಲೇ ಪಡೆಯಬಹುದು. ಬಿತ್ತಿದ ಸುಮಾರು ನಲವತ್ತು ದಿನಕ್ಕೆ ನಾಲ್ಕಾರು ಗಿಡಗಳನ್ನು ಕೀಳದೆ, ಗುದ್ದಲಿಯಿಂದ ಹೆಂಟೆ ಸಮೇತ ಎತ್ತಿ, ನೀರಿನಲ್ಲಿ ನೆನೆಸಿ ಮಣ್ಣು ಬಿಡಿಸಿ. ಬೇರುಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಕೆಂಪು ಅಥವಾ ನಸುಗೆಂಪು ಇದ್ದರೆ ಅದು ಕೆಲಸ ಮಾಡುತ್ತಿದೆ, ಬಿಳಿಯಾಗಿದ್ದರೆ ಮಾಡುತ್ತಿಲ್ಲ. ಇಲ್ಲೊಂದು ಎಚ್ಚರಿಕೆ ಬೇಕು. ಕೊಳಚೆ ನೀರಿನ ಸಾರಜನಕ ಹೆಚ್ಚಾದರೂ ಗಿಡ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ಗಂಟುಗಳು ಕಡಿಮೆ ಇದ್ದು ಒಳಗೆ ಕೆಂಪಾಗಿದ್ದರೆ ಸಾರಜನಕವನ್ನು ಅನುಮಾನಿಸಿ. ಸಣ್ಣ ಬಿಳಿ ಗಂಟುಗಳು ತುಂಬಿದ್ದರೆ ಲೋಹದ ಅನುಮಾನ ಬಲವಾಗುತ್ತದೆ. ಕೊಳವೆಬಾವಿ ನೀರು ಹಾಯಿಸುವ ನೆರೆಯ ಹೊಲದ ಗಿಡವನ್ನೂ ಪಕ್ಕದಲ್ಲಿಟ್ಟು ನೋಡಿ.

ಖಚಿತವಾಗಬೇಕಾದರೆ ಮಣ್ಣು ಪರೀಕ್ಷೆಯೇ ಆಗಬೇಕು. ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸತು, ತಾಮ್ರ ಇವೆಯೇ ಹೊರತು ಕ್ಯಾಡ್ಮಿಯಂ, ಸೀಸ ಇಲ್ಲ. ಚೀಟಿ ಚೆನ್ನಾಗಿ ಬಂದಿದೆ ಎಂದು ನಿಶ್ಚಿಂತರಾಗಬೇಡಿ, ಪ್ರಯೋಗಾಲಯದಲ್ಲಿ ಅವುಗಳನ್ನು ಹೆಸರಿಸಿ ಕೇಳಿ. ಫಲಿತಾಂಶ ಬರುವವರೆಗೆ ಸೊಪ್ಪು ಬೆಳೆಯುವುದನ್ನು ನಿಲ್ಲಿಸಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಸೇವಂತಿಗೆ, ಚೆಂಡುಹೂವು ಆ ಜಾಗಕ್ಕೆ ಬರಲಿ. ಮಣ್ಣು ಹುಳಿಯಾಗಿದ್ದರೆ ಸುಣ್ಣ ಹಾಕಿದಾಗ ಕ್ಯಾಡ್ಮಿಯಂ ಬೇರಿಗೆ ಸಿಗುವುದು ತಗ್ಗುತ್ತದೆ. ಕೊಟ್ಟಿಗೆ ಗೊಬ್ಬರವೂ ಲೋಹವನ್ನು ಹಿಡಿದಿಡುತ್ತದೆ. ನಗರದ ಮಿಶ್ರ ಕಸದ ಗೊಬ್ಬರ ಬೇಡ, ಅದರಲ್ಲೇ ಲೋಹ ಇರಬಹುದು. ಸೂರ್ಯಕಾಂತಿ, ಸಾಸಿವೆಗಳಿಂದ ಲೋಹ ಹೀರಿಸುವ ವಿಧಾನ ಇದೆಯಾದರೂ ಅದಕ್ಕೆ ಬಹಳ ವರ್ಷಗಳು ಬೇಕು, ಮತ್ತು ಕಲುಷಿತ ನೀರು ಬರುತ್ತಿರುವವರೆಗೆ ಆ ಶ್ರಮ ವ್ಯರ್ಥ.

ಪ್ರಶ್ನೆ: ಸೊಪ್ಪನ್ನು ಉಪ್ಪುನೀರಿನಲ್ಲಿ ನೆನೆಸಿ ತೊಳೆದರೆ ಭಾರಲೋಹ ಹೋಗುತ್ತದೆಯೇ?
– ಬೆಂಗಳೂರಿನ ಒಬ್ಬ ಗೃಹಿಣಿ

ಉತ್ತರ: ಎಲೆಯ ಮೇಲೆ ಕೂತ ಧೂಳಿನಲ್ಲಿರುವ ಸೀಸ ಬಹುಮಟ್ಟಿಗೆ ಹೋಗುತ್ತದೆ, ಅದಕ್ಕೆ ಬರೀ ನೀರೇ ಸಾಕು, ಎರಡು ಮೂರು ಸಲ ಬದಲಿಸಿ ತೊಳೆಯಿರಿ. ಬೇರಿನಿಂದ ಏರಿ ಎಲೆಯೊಳಗೆ ಸೇರಿದ ಕ್ಯಾಡ್ಮಿಯಂ ಯಾವ ತೊಳೆತಕ್ಕೂ ಹೋಗದು. ದೇಹಕ್ಕೆ ಸೇರಿದ ಮೇಲೆ ಅದು ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಹಾಗಾಗಿ ಸೊಪ್ಪು ಕೊಳ್ಳುವಾಗ ಅದು ಯಾವ ನೀರಿನಲ್ಲಿ ಬೆಳೆದದ್ದೆಂದು ಮಾರುವವರನ್ನು ಕೇಳುವ ರೂಢಿ ಇಟ್ಟುಕೊಳ್ಳಿ.